ಟರ್ಕಿ ಕೋಳಿಯ ಕಾಡಿನಲ್ಲಿ

ಟರ್ಕಿ ಕೋಳಿಗೂ ಟರ್ಕಿ ದೇಶಕ್ಕೂ ಯಾವ ಸಂಬಂಧವೂ ಇಲ್ಲ. ಅದು ಅಪ್ಪಟ ಅಮೆರಿಕದ ಹಕ್ಕಿ. ಮೆಕ್ಸಿಕೋದ ಮೂಲನಿವಾಸಿಗಳು ಬಹು ಹಿಂದೆಯೇ ಅದನ್ನು ಪಳಗಿಸಿ ಸಾಕಿಕೊಂಡಿದ್ದರು. ಹದಿನಾರನೆಯ ಶತಮಾನದ ಆರಂಭದಲ್ಲಿ ಸ್ಪೇನಿನವರು ಅದನ್ನು ಹಡಗಿನಲ್ಲಿ ಯುರೋಪಿಗೆ ಒಯ್ದರು. ಎಲ್ಲಿಂದ ಬಂತೆಂದು ತಿಳಿಯದ ಜನ ತಮಗೆ ತೋಚಿದ ಹೆಸರಿಟ್ಟರು. ಪೂರ್ವದೇಶದ ಸರಕನ್ನೆಲ್ಲ ತುರ್ಕಿ ವರ್ತಕರ ಹೆಸರಿನೊಂದಿಗೆ ಗಂಟುಹಾಕುತ್ತಿದ್ದ ಇಂಗ್ಲಿಷರು ‘ಟರ್ಕಿ’ ಎಂದರು. ಫ್ರೆಂಚರು ‘ಇಂಡಿಯಾದ ಕೋಳಿ’ ಎಂದರು. ಡಚ್ಚರು ನಮ್ಮ ಕಲ್ಲಿಕೋಟೆಯ ಹೆಸರು ಹಚ್ಚಿ ‘ಕಾಲ್ಕೂನ್’ ಎಂದರು. ಇನ್ನು ತುರ್ಕಿಯವರು ಅದನ್ನು ಕರೆಯುವುದು ‘ಹಿಂದಿ’ ಎಂದು! ತವರು ಯಾವುದೆಂದು ಕೇಳುವವರಿಲ್ಲದೆ, ಹೋದ ಮನೆಯವರು ಇಟ್ಟ ಹೆಸರಿಗೆ ಓಗೊಡುತ್ತ ಬದುಕುವುದು ನಮ್ಮ ಹೆಣ್ಣುಮಕ್ಕಳಿಗೇನೂ ಹೊಸ ಸಂಗತಿಯಲ್ಲ. ಅದಕ್ಕೇ ಇರಬೇಕು, ಈ ಹಕ್ಕಿಯ ಚರಿತ್ರೆ ಓದುವಾಗ ನನಗೆ ಅದರ ಮೇಲೆ ಒಂದು ಬಗೆಯ ಅಕ್ಕರೆ ಹುಟ್ಟಿತು.

ನಮ್ಮ ನಾಡಿಗೂ ಅದು ಬಂದದ್ದುಂಟು. 1612ರಲ್ಲಿ ಮೊಗಲ್ ದೊರೆ ಜಹಾಂಗೀರನ ಅಧಿಕಾರಿ ಮುಕರ್ರಬ್ ಖಾನ್ ಗೋವೆಯ ಪೋರ್ಚುಗೀಸರಿಂದ ಅಪರೂಪದ ವಸ್ತುಗಳನ್ನು ಕೊಂಡು ತಂದಾಗ ಅವುಗಳಲ್ಲಿ ಟರ್ಕಿ ಕೋಳಿಯೂ ಇತ್ತು. ಜಹಾಂಗೀರ ಅದನ್ನು ಕಂಡು ಮಗುವಿನಂತೆ ಬೆರಗಾದ. ಅದರ ತಲೆ, ಕುತ್ತಿಗೆಗಳ ಬಣ್ಣ ಗೋಸುಂಬೆಯಂತೆ ಬದಲಾಗುವುದನ್ನು ತನ್ನ ಆತ್ಮಕಥೆಯಲ್ಲಿ ಬರೆದಿಟ್ಟ. ಆಸ್ಥಾನದ ಕಲಾವಿದ ಉಸ್ತಾದ್ ಮನ್ಸೂರನಿಂದ ಚಿತ್ರ ಬರೆಸಿದ. ಆ ಚಿತ್ರ ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ.

ನಾನು ಈ ಹಕ್ಕಿಯನ್ನು ಅದರ ಕಾಡಿನಲ್ಲೇ ನೋಡಿದ್ದು ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋದಾಗ. ಅವಳಿರುವುದು ವರ್ಮಾಂಟ್ ರಾಜ್ಯದ ದಕ್ಷಿಣ ತುದಿಯ ಒಂದು ಪುಟ್ಟ ಊರಿನಲ್ಲಿ. ಮನೆಯ ಹಿಂದೆಯೇ ಕಾಡು. ಮೇಪಲ್, ಬೀಚ್, ಬರ್ಚ್ ಮರಗಳ ದಟ್ಟ ಕಾಡು. ಇದು ಅನಾದಿ ಕಾಲದಿಂದ ಹೀಗೇ ಇರುವ ಅರಣ್ಯ ಎಂದೇ ಯಾರಾದರೂ ಭಾವಿಸಬೇಕು. ಆದರೆ ಒಳಗೆ ನಾಲ್ಕು ಹೆಜ್ಜೆ ಹೋದರೆ ಸೊಂಟದೆತ್ತರದ ಕಲ್ಲುಗೋಡೆ ಎದುರಾಗುತ್ತದೆ. ಗಾರೆ ಇಲ್ಲ, ಸುಣ್ಣವಿಲ್ಲ, ಕಲ್ಲಿನ ಮೇಲೆ ಕಲ್ಲು ಇಟ್ಟು ಕಟ್ಟಿದ್ದು. ಅದು ಮರಗಳ ನಡುವೆ ಗುಡ್ಡ ಹತ್ತಿ ಇಳಿದು ಎಲ್ಲಿಗೋ ಹೋಗಿಬಿಡುತ್ತದೆ. ಕಾಡಿನ ನಡುವೆ ಯಾರು, ಯಾರಿಂದ ಏನನ್ನು ಕಾಯಲು ಗೋಡೆ ಕಟ್ಟಿದರು? ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಹೇಳಿದವಳಿಗೆ ಈ ಪ್ರಶ್ನೆ ಬಂದ ಮೇಲೆ ಸುಮ್ಮನಿರಲಾಗುತ್ತದೆಯೇ? ಮೊಮ್ಮಗು ಮಲಗಿದ ಹೊತ್ತಿನಲ್ಲಿ ಊರಿನ ಲೈಬ್ರರಿಗೆ ಹೋಗಿ ಕೂತೆ.

ಉತ್ತರ ಕುರಿಗಳಲ್ಲಿತ್ತು. ಲಿಸ್ಬನ್ನಿನಲ್ಲಿ ಅಮೆರಿಕದ ಕಾನ್ಸಲ್ ಆಗಿದ್ದ ವಿಲಿಯಂ ಜಾರ್ವಿಸ್ 1811ರಲ್ಲಿ ವರ್ಮಾಂಟಿನ ವೆದರ್ಸ್‌ಫೀಲ್ಡಿಗೆ ಸ್ಪೇನಿನ ಮೆರಿನೋ ಕುರಿಗಳನ್ನು ತಂದ. ನವುರಾದ ಉಣ್ಣೆಗೆ ಒಳ್ಳೆಯ ಬೆಲೆಯಿತ್ತು. ಇಡೀ ರಾಜ್ಯಕ್ಕೆ ಕುರಿಯ ಹುಚ್ಚು ಹಿಡಿಯಿತು. 1840ರ ಹೊತ್ತಿಗೆ ಮೂರು ಲಕ್ಷವೂ ತುಂಬದ ಜನರಿಗೆ ಸುಮಾರು ಹದಿನೇಳು ಲಕ್ಷ ಕುರಿಗಳಿದ್ದವು. ಹುಲ್ಲುಗಾವಲಿಗಾಗಿ ಬೆಟ್ಟ ಬೆಟ್ಟಗಳನ್ನೇ ಬೋಳಿಸಿದರು. ನೆಲದಿಂದ ಎದ್ದ ಕಲ್ಲುಗಳನ್ನು ಎತ್ತುಗಳಿಂದ ಎಳೆಸಿ ಗೋಡೆ ಕಟ್ಟಿದರು. ಕಾಡು ಹೋಯಿತು. ಕಾಡಿನ ಜೊತೆಗೆ, ಆ ಮರಗಳ ಬೀಜ ತಿಂದು, ಆ ಕೊಂಬೆಗಳಲ್ಲೇ ರಾತ್ರಿ ಕಳೆಯುತ್ತಿದ್ದ ಟರ್ಕಿ ಕೋಳಿಯೂ ಹೋಯಿತು. ಉಳಿದವನ್ನು ಬಂದೂಕು ಮುಗಿಸಿತು. ನೆರೆಯ ಮ್ಯಾಸಚೂಸೆಟ್ಸಿನಲ್ಲಿ ಕೊನೆಯದೆಂದು ಲೆಕ್ಕಕ್ಕೆ ಸಿಕ್ಕ ಕಾಡು ಟರ್ಕಿ 1851ರಲ್ಲಿ ಮೌಂಟ್ ಟಾಮ್ ಬೆಟ್ಟದಲ್ಲಿ ಸತ್ತಿತು. ವರ್ಮಾಂಟಿನಲ್ಲೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಅದರ ಕೂಗು ನಿಂತುಹೋಯಿತು.

ಇಲ್ಲಿ ಒಂದು ವಿಚಿತ್ರವಿದೆ. ಕಾಡಿನಿಂದ ಹಕ್ಕಿ ಮಾಯವಾಗುತ್ತಿದ್ದ ಕಾಲದಲ್ಲೇ ಅದು ಊಟದ ಮೇಜಿನ ಮೇಲೆ ದೇಶದ ಹಬ್ಬದ ಹಕ್ಕಿಯಾಗಿ ಕೂತಿತು. ಅದಕ್ಕೆ ದೊಡ್ಡ ಕಾರಣ ಒಬ್ಬ ಹೆಂಗಸು. ನ್ಯೂಹ್ಯಾಂಪ್‌ಶೈರಿನ ಸಾರಾ ಜೋಸೆಫಾ ಹೇಲ್. 1822ರಲ್ಲಿ ಗಂಡ ತೀರಿಕೊಂಡಾಗ ಆಕೆಯ ಮಡಿಲಲ್ಲಿ ಐದು ಮಕ್ಕಳು. ಹೊಟ್ಟೆಪಾಡಿಗೆ ಆಕೆ ಹಿಡಿದದ್ದು ಲೇಖನಿಯನ್ನು. ನಮ್ಮ ಕಾನ್ವೆಂಟ್ ಮಕ್ಕಳೆಲ್ಲ ಬಾಯಿಪಾಠ ಮಾಡುವ ಮೇರಿ ಮತ್ತು ಅವಳ ಕುರಿಮರಿಯ ಪದ್ಯ 1830ರಲ್ಲಿ ಆಕೆ ಪ್ರಕಟಿಸಿದ್ದು ಎಂದು ಎಷ್ಟು ಜನಕ್ಕೆ ಗೊತ್ತು? 1837ರಿಂದ ನಲವತ್ತು ವರ್ಷ ಆಕೆ ‘ಗೋಡೀಸ್ ಲೇಡೀಸ್ ಬುಕ್’ ಎಂಬ ಮಹಿಳಾ ಪತ್ರಿಕೆಯ ಸಂಪಾದಕಿಯಾಗಿದ್ದರು. ಸುಗ್ಗಿಯ ಕೃತಜ್ಞತೆಯ ಹಬ್ಬವನ್ನು ದೇಶಕ್ಕೆಲ್ಲ ಒಂದೇ ದಿನ ಆಚರಿಸಬೇಕೆಂದು ವರ್ಷಗಟ್ಟಲೆ ಬರೆದರು, ರಾಜ್ಯಪಾಲರಿಗೆ, ಅಧ್ಯಕ್ಷರಿಗೆ ಕಾಗದ ಹಾಕಿದರು. ಕೊನೆಗೆ 1863ರಲ್ಲಿ ಅಂತರ್ಯುದ್ಧದ ನಡುವೆ ಲಿಂಕನ್ ಘೋಷಣೆ ಹೊರಡಿಸಿದರು. ಹೇಲ್ 1827ರಲ್ಲಿ ಬರೆದ ‘ನಾರ್ತ್‌ವುಡ್’ ಕಾದಂಬರಿಯಲ್ಲೇ ಹಬ್ಬದ ಊಟದಲ್ಲಿ ಹುರಿದ ಟರ್ಕಿಗೆ ಅಗ್ರಸ್ಥಾನ ಕೊಟ್ಟಿದ್ದರು. ಆದರೆ ಮೇಜಿನ ಮೇಲೆ ಬಂದದ್ದು ಸಾಕಿದ ಕೋಳಿ. ಮೆಕ್ಸಿಕೋದಿಂದ ಯುರೋಪಿಗೆ ಹೋಗಿ, ವಲಸೆಗಾರರೊಂದಿಗೆ ತಿರುಗಿ ಅಮೆರಿಕಕ್ಕೆ ಬಂದ ತಳಿ. ಕಾಡಿನ ಹಕ್ಕಿಯನ್ನು ಯಾರೂ ನೆನೆಯಲಿಲ್ಲ.

ಅದನ್ನು ಮರಳಿ ತಂದ ಕಥೆಯೂ ಸ್ವಾರಸ್ಯವಾಗಿದೆ. ಕುರಿಯ ಕಾಲ ಬೇಗ ಮುಗಿಯಿತು. 1825ರಲ್ಲಿ ತೆರೆದ ಈರಿ ಕಾಲುವೆ, ಆಮೇಲೆ ಬಂದ ರೈಲು ಪಶ್ಚಿಮದ ಫಲವತ್ತಾದ ಬಯಲಿಗೆ ದಾರಿ ಮಾಡಿದವು. ಅಲ್ಲಿಯ ಅಗ್ಗದ ಉಣ್ಣೆಯ ಮುಂದೆ ಈ ಕಲ್ಲುಗುಡ್ಡಗಳ ಉಣ್ಣೆ ನಿಲ್ಲಲಿಲ್ಲ. ಜನ ಮನೆಗೆ ಬೀಗ ಜಡಿದು, ಬಂಡಿ ಕಟ್ಟಿಕೊಂಡು ಹೊರಟರು. ಬಿಟ್ಟುಹೋದ ಹುಲ್ಲುಗಾವಲಿನಲ್ಲಿ ಮರ ಮೊಳೆಯಿತು. ಇಂದು ವರ್ಮಾಂಟಿನ ನೆಲದಲ್ಲಿ ನಾಲ್ಕರಲ್ಲಿ ಮೂರು ಪಾಲು ಕಾಡು. ಆದರೆ ಮರ ತಾನಾಗಿ ಬಂದಂತೆ ಟರ್ಕಿ ಬರಲಿಲ್ಲ. ಅಮೆರಿಕದ ಹಲವು ರಾಜ್ಯಗಳಲ್ಲಿ ಫಾರಂಗಳಲ್ಲಿ ಸಾಕಿದ ಮರಿಗಳನ್ನು ಕಾಡಿಗೆ ಬಿಟ್ಟು ನೋಡಿದರು. ಅವು ಬದುಕಲಿಲ್ಲ. ಯಾವ ನೆರಳಿಗೆ ಹೆದರಬೇಕು, ಯಾವ ಕಾಳು ತಿನ್ನಬೇಕು, ಕತ್ತಲಾದಾಗ ಯಾವ ಮರ ಹತ್ತಬೇಕು, ಇದನ್ನೆಲ್ಲ ಮರಿಗೆ ಕಲಿಸುವುದು ತಾಯಿ ಹಕ್ಕಿ. ಯಂತ್ರದ ಕಾವಿನಲ್ಲಿ ಹುಟ್ಟಿದ ಮರಿಗೆ ಆ ಪಾಠ ಹೇಳುವವರಿರಲಿಲ್ಲ. 1951ರಲ್ಲಿ ದಕ್ಷಿಣ ಕೆರೊಲಿನಾದಲ್ಲಿ ಸಣ್ಣ ಫಿರಂಗಿಗಳಿಂದ ಬಲೆ ಹಾರಿಸಿ ಕಾಡು ಟರ್ಕಿಗಳನ್ನೇ ಜೀವಂತ ಹಿಡಿಯುವ ಉಪಾಯ ಫಲಿಸಿತು. ಆಮೇಲೆ ಹಾದಿ ತೆರೆಯಿತು. 1969 ಮತ್ತು 1970ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಹಿಡಿದ 31 ಹಕ್ಕಿಗಳನ್ನು ವರ್ಮಾಂಟಿನ ನೈರುತ್ಯದ ಕಾಡಿನಲ್ಲಿ ಬಿಟ್ಟರು. ಕೇವಲ 31! ಇಂದು ಅಲ್ಲಿರುವ ನಲವತ್ತು ಸಾವಿರಕ್ಕೂ ಹೆಚ್ಚು ಹಕ್ಕಿಗಳ ಸಂಸಾರ ಬೆಳೆದದ್ದು ಹೀಗೆ.

ಮಗಳ ನೆರೆಮನೆಯಲ್ಲಿ ಎಪ್ಪತ್ತು ದಾಟಿದ ಒಬ್ಬ ನಿವೃತ್ತ ನರ್ಸ್ ಇದ್ದರು. ಒಂಟಿ ಜೀವ. ಮಗು ನೋಡಲು ಬಂದವರು ನನ್ನ ಜೊತೆ ಮಾತಿಗೆ ಕೂತರು. ಮೇ ತಿಂಗಳು ಬಂತೆಂದರೆ ಆಕೆಗೆ ಟರ್ಕಿ ಬೇಟೆಯ ಸಂಭ್ರಮ. ಮದುವೆಯಾದ ಹೊಸತರಲ್ಲಿ ಗಂಡ ಕಲಿಸಿದ್ದಂತೆ. ಗಂಡ ಹೋಗಿ ಎಂಟು ವರ್ಷವಾದರೂ ಆಕೆ ಬಿಟ್ಟಿಲ್ಲ. ನಾನು ಮೊಟ್ಟೆಯನ್ನೂ ಮುಟ್ಟದವಳು. ಆದರೂ ‘ಹಕ್ಕಿ ಸಿಗುವುದು ಅಪರೂಪ, ಕಾಡು ಸಿಗುವುದು ಖಂಡಿತ, ಬರುತ್ತೀರಾ?’ ಎಂದು ಕರೆದಾಗ ಇಲ್ಲವೆನ್ನಲು ಮನಸ್ಸಾಗಲಿಲ್ಲ.

ಬೆಳಗಿನ ನಾಲ್ಕಕ್ಕೇ ಎದ್ದು ಹೊರಟೆವು. ಹೊರಡುವ ಮುನ್ನ ಆಕೆ ನನ್ನನ್ನು ತಲೆಯಿಂದ ಕಾಲಿನವರೆಗೆ ತಪಾಸಣೆ ಮಾಡಿದರು. ಕೆಂಪು, ಬಿಳಿ, ನೀಲಿ ಯಾವುದೂ ಮೈಮೇಲೆ ಇರಬಾರದು, ಏಕೆಂದರೆ ಗಂಡು ಟರ್ಕಿಯ ತಲೆಗೆ ಇರುವುದು ಅದೇ ಮೂರು ಬಣ್ಣ. ಪೊದೆಯಲ್ಲಿ ಆ ಬಣ್ಣ ಸುಳಿದರೆ ಬೇರೆ ಬೇಟೆಗಾರ ಹಕ್ಕಿಯೆಂದು ಗುಂಡು ಹಾರಿಸಿಯಾನು. ಹಣೆಯ ಕುಂಕುಮವನ್ನು ನೋಡಿ ಸ್ವಲ್ಪ ಹೊತ್ತು ಯೋಚಿಸಿ, ಹಸಿರು ಟೋಪಿಯನ್ನು ಹುಬ್ಬಿನವರೆಗೆ ಎಳೆದರು. ಉಣ್ಣೆಗಳು ಹತ್ತದಂತೆ ಮಗಳ ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ತುರುಕಿಸಿದರು.

ಟರ್ಕಿ ಬೇಟೆ ಎಂದರೆ ಓಡುವುದಲ್ಲ, ಕೂರುವುದು. ದೊಡ್ಡ ಮರಕ್ಕೆ ಬೆನ್ನು ಕೊಟ್ಟು, ಕಣ್ಣೆವೆ ಬಿಟ್ಟು ಬೇರೇನೂ ಅಲುಗಿಸದೆ ಕೂತು, ಹೆಣ್ಣು ಹಕ್ಕಿಯ ಕೂಗನ್ನು ಅನುಕರಿಸಬೇಕು. ಅದಕ್ಕೆ ಮರದ ಒಂದು ಪೆಟ್ಟಿಗೆ ಇರುತ್ತದೆ. ಕುಂಕುಮದ ಭರಣಿಯನ್ನು ಉದ್ದಕ್ಕೆ ಎಳೆದಂತೆ ಅದರ ರೂಪ. ಸೀಮೆಸುಣ್ಣ ಬಳಿದ ಮುಚ್ಚಳವನ್ನು ಅಂಚಿಗೆ ಉಜ್ಜಿದರೆ ಹೆಣ್ಣು ಟರ್ಕಿಯ ದನಿಯೇ ಬರುತ್ತದೆ. ಆರ್ಕನ್ಸಾಸಿನ ಹೆನ್ರಿ ಗಿಬ್ಸನ್ ಎಂಬಾತ 1897ರಲ್ಲಿ ಇಂಥ ಪೆಟ್ಟಿಗೆಗೆ ಪೇಟೆಂಟ್ ಪಡೆದಿದ್ದ. ಹಕ್ಕಿಗಳ ಲೋಕದಲ್ಲಿ ಗಂಡು ಕೂಗಿದರೆ ಹೆಣ್ಣು ಹುಡುಕಿಕೊಂಡು ಹೋಗುವುದು ರೂಢಿ. ಬೇಟೆಗಾರರು ಆ ರೂಢಿಯನ್ನು ತಿರುಗಿಸಿ, ಗಂಡೇ ಬರಲಿ ಎಂದು ಕಾಯುತ್ತಾರೆ.

ಹೀಗೆ ಗಂಟೆಗಟ್ಟಲೆ ಕೂತು, ಹಕ್ಕಿ ದೂರ ಸರಿದಾಗ ಥಟ್ಟನೆ ಎದ್ದು ಓಡುವ ಕೆಲಸವಾದ್ದರಿಂದ ಮರದ ಬುಡದಲ್ಲಿ ಏನಾದರೊಂದು ಉಳಿದೇ ಉಳಿಯುತ್ತದೆ. ಕೈಗವಸು, ಚಾಕು, ಕನ್ನಡಕ, ಕೂಗುವ ಪೆಟ್ಟಿಗೆ. ಎಲ್ಲವೂ ಎಲೆಯ ಬಣ್ಣದವು. ಹತ್ತು ಹೆಜ್ಜೆ ಹೋಗಿ ತಿರುಗಿದರೆ ಕಾಣುವುದಿಲ್ಲ. ಆಕೆ ತನ್ನ ಗಂಡ ಬಳಸುತ್ತಿದ್ದ ಪೆಟ್ಟಿಗೆಯನ್ನು ಅವರು ಹೋದ ಮಾರನೆಯ ವರ್ಷವೇ ಹೀಗೆ ಕಳೆದುಕೊಂಡಿದ್ದರು. ಒಂದು ವಾರ ಹುಡುಕಿದರೂ ಸಿಗಲಿಲ್ಲ. ಮುಂದಿನ ಮೇ ತಿಂಗಳಲ್ಲಿ ಒಂದು ಹೆಮ್ಲಾಕ್ ಮರದ ಕೆಳಗೆ ಸಿಕ್ಕಿತು, ಅರ್ಧ ಮಾತ್ರ. ಉಳಿದರ್ಧವನ್ನು ಮುಳ್ಳುಹಂದಿ ಕಡಿದು ತಿಂದಿತ್ತು. ಆ ಕಡೆಯ ಮುಳ್ಳುಹಂದಿಗಳಿಗೆ ಉಪ್ಪೆಂದರೆ ಪ್ರಾಣ. ಕೊಡಲಿಯ ಕಾವು, ದೋಣಿಯ ಹುಟ್ಟು, ಎಲ್ಲೆಲ್ಲಿ ಮನುಷ್ಯನ ಕೈಬೆವರು ಹೀರಿದ ಮರವಿದೆಯೋ ಅಲ್ಲಿ ಹಲ್ಲು ಹಾಕುತ್ತವೆ. ‘ನಲವತ್ತು ವರ್ಷದ ಅವನ ಕೈಯ ಉಪ್ಪು ಅದರಲ್ಲಿತ್ತು ನೋಡಿ, ಸರಿಯಾಗಿ ಅವನ ಹೆಬ್ಬೆರಳು ಕೂರುತ್ತಿದ್ದ ಕಡೆಯೇ ತಿಂದಿದೆ’ ಎಂದರು ಆಕೆ. ಆ ಅರ್ಧ ಪೆಟ್ಟಿಗೆ ಈಗ ಅಡುಗೆಮನೆಯ ಕಿಟಕಿಯಲ್ಲಿದೆ.

ಅಂದು ಒಂದು ಗಂಡು ಹಕ್ಕಿ ಉತ್ತರ ಕೊಡುತ್ತ ಕೊಡುತ್ತ ಕಲ್ಲುಗೋಡೆಯವರೆಗೆ ಬಂತು. ಗರಿಗೆದರಿ, ಬೀಸಣಿಗೆಯಂತೆ ಬಾಲ ಬಿಚ್ಚಿ ಗೋಡೆಯಾಚೆಗೆ ನಿಂತಿತು. ಈಚೆಗೆ ದಾಟಲಿಲ್ಲ. ಕೊನೆಗೆ ಬೇಸರಗೊಂಡ ನೆಂಟನಂತೆ ಹಿಂದಿರುಗಿತು. ನನಗೆ ಒಳಗೊಳಗೇ ಸಮಾಧಾನವಾಯಿತು. ಆಕೆಯೂ ಅಷ್ಟೇನೂ ನೊಂದುಕೊಂಡಂತೆ ಕಾಣಲಿಲ್ಲ. ‘ಬನ್ನಿ, ನಿಮಗೆ ಇನ್ನೊಂದು ಮನೆ ತೋರಿಸುತ್ತೇನೆ’ ಎಂದು ಗೋಡೆಯ ಗುಂಟ ನಡೆಸಿಕೊಂಡು ಹೋದರು.

ಮನೆ ಎಲ್ಲಿತ್ತು? ಒಂದು ಆಯತಾಕಾರದ ಗುಂಡಿ. ಸುತ್ತ ಕಲ್ಲು ಜೋಡಿಸಿದ ನೆಲಮಾಳಿಗೆ, ನಡುವೆ ಕುಸಿದ ಒಲೆಯ ರಾಶಿ. ಗುಂಡಿಯೊಳಗಿಂದ ತೊಡೆ ಗಾತ್ರದ ಬರ್ಚ್ ಮರಗಳು ಎದ್ದಿದ್ದವು. ಒಡೆದ ಪಿಂಗಾಣಿ ತಟ್ಟೆಯ ಒಂದು ಚೂರು, ನೀಲಿ ಅಂಚಿನದು, ಎಲೆಗಳ ನಡುವೆ ಹೊಳೆಯುತ್ತಿತ್ತು. ಕುರಿಯ ಉಣ್ಣೆ ಕತ್ತರಿಸುವ ತುಕ್ಕು ಹಿಡಿದ ಕತ್ತರಿಯೊಂದು ಕಲ್ಲಿನ ಸಂದಿನಲ್ಲಿತ್ತು. ಬೇಟೆಗೆ ಬಂದಾಗೆಲ್ಲ ಆಕೆಗೆ ಏನಾದರೂ ಸಿಗುತ್ತದೆಯಂತೆ. ಯಾವುದನ್ನೂ ಒಯ್ಯುವುದಿಲ್ಲ, ಗೋಡೆಯ ಚಪ್ಪಟೆ ಕಲ್ಲಿನ ಮೇಲೆ ಇಟ್ಟು ಬರುತ್ತಾರೆ. ಒಮ್ಮೆ ಬಿಳಿಯ ಕಲ್ಲಿನ ಬಾಣದ ಮೊನೆಯೂ ಸಿಕ್ಕಿತ್ತು. ಅದು ಈ ಮನೆಗಿಂತ ಎಷ್ಟೋ ಹಳೆಯದು. ಕುರಿಗಳು ಬರುವುದಕ್ಕೂ ಮೊದಲು ಈ ಬೆಟ್ಟಗಳು ಅಬೆನಾಕಿ ಮತ್ತು ಮೊಹಿಕನ್ ಜನರವು. ಅವರಿಂದ ನೆಲ ಹೋದ ಮೇಲೆಯೇ ಇಲ್ಲಿ ಗೋಡೆಗಳು ಎದ್ದದ್ದು. ಕಳೆದುಕೊಂಡವರ ಪಟ್ಟಿಯಲ್ಲಿ ಅವರು ಮೊದಲಿಗರು.

ಹೊಸ್ತಿಲಿನ ಕಲ್ಲು ಮಾತ್ರ ಇದ್ದಲ್ಲೇ ಇತ್ತು. ಅದರ ಪಕ್ಕದಲ್ಲಿ ಆಳೆತ್ತರದ ಪೊದೆ. ತುಂಬ ನೇರಳೆ ಬಣ್ಣದ ಹೂಗೊಂಚಲು. ಆ ಪರಿಮಳಕ್ಕೆ ನನ್ನ ಕಾಲು ತಾನಾಗಿ ನಿಂತಿತು. ಲೈಲಾಕ್ ಎಂದರು ಆಕೆ. ಲೈಲಾಕ್ ಅಮೆರಿಕದ ಕಾಡಿನ ಗಿಡವಲ್ಲ, ಯುರೋಪಿನಿಂದ ತಂದದ್ದು. ಕಾಡಿನ ನಡುವೆ ಲೈಲಾಕ್ ಕಂಡರೆ ಅಲ್ಲೊಂದು ಮನೆಯಿತ್ತು, ಬಾಗಿಲಲ್ಲಿ ಒಬ್ಬ ಹೆಂಗಸು ನೆಟ್ಟಿದ್ದಳು ಎಂದೇ ಆ ಕಡೆಯವರು ತಿಳಿಯುತ್ತಾರೆ. ಬುಡದಿಂದ ಹೊಸ ಕವಲೊಡೆಯುತ್ತ ನೂರು ವರ್ಷ ದಾಟಿಯೂ ಅದು ಬದುಕುತ್ತದೆ. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಅದು ನಮ್ಮ ಮಲ್ಲಿಗೆಯ ಕುಟುಂಬಕ್ಕೇ ಸೇರಿದ್ದೆಂದು ಆಮೇಲೆ ಓದಿ ತಿಳಿದೆ. ಮನೆ ಬಿದ್ದಿದೆ, ಹೊಲ ಕಾಡಾಗಿದೆ, ಅವಳ ಹೂ ಮಾತ್ರ ಪ್ರತಿ ಮೇ ತಿಂಗಳಲ್ಲೂ ಅರಳುತ್ತಿದೆ.

ಯಾರವಳು? ಆಕೆಗೂ ಈ ಕುತೂಹಲ ಇದ್ದದ್ದೇ. ಊರಿನ ಹಳೆಯ ದಾಖಲೆ ನೋಡಿದ್ದರು. 1820ರ ಜನಗಣತಿಯಲ್ಲಿ ಆ ಮನೆಯ ಯಜಮಾನನ ಹೆಸರಿದೆ. ಅವಳ ಹೆಸರಿಲ್ಲ. ಇದು ಆ ಊರಿನ ಗುಮಾಸ್ತನ ಉದಾಸೀನವಲ್ಲ. ಅಮೆರಿಕದ ಜನಗಣತಿಯಲ್ಲಿ 1850ರ ತನಕ ಬರೆಯುತ್ತಿದ್ದುದು ಮನೆಯ ಮುಖ್ಯಸ್ಥನ ಹೆಸರು ಮಾತ್ರ. ಉಳಿದವರೆಲ್ಲ ವಯಸ್ಸಿನ ಕಲಮುಗಳಲ್ಲಿ ಒಂದೊಂದು ಅಂಕಿ. 26ರಿಂದ 45ರೊಳಗಿನ ಹೆಂಗಸು, ಒಂದು. 10ರಿಂದ 16ರೊಳಗಿನ ಹುಡುಗಿ, ಎರಡು. ಗುಲಾಮರಾಗಿದ್ದ ಕಪ್ಪು ಜನರಿಗಂತೂ 1850ರಲ್ಲೂ ಹೆಸರು ಬರಲಿಲ್ಲ, ಅದಕ್ಕೆ 1870ರವರೆಗೆ ಕಾಯಬೇಕಾಯಿತು. ಲೈಲಾಕ್ ನೆಟ್ಟವಳು ಸರ್ಕಾರದ ಪುಸ್ತಕದಲ್ಲಿ ‘ಒಂದು’.

ಆ ಎರಡು ಹುಡುಗಿಯರೆಲ್ಲಿ ಹೋದರೋ ಗೊತ್ತಿಲ್ಲ. ಆದರೆ ಇಂಥ ಮನೆಗಳ ಸಾವಿರಾರು ಹುಡುಗಿಯರು ಎಲ್ಲಿ ಹೋದರೆಂದು ಗೊತ್ತು. 1823ರಿಂದ ಬಟ್ಟೆ ಗಿರಣಿಗಳು ಶುರುವಾದ ಮ್ಯಾಸಚೂಸೆಟ್ಸಿನ ಲೋವೆಲ್ ಪಟ್ಟಣಕ್ಕೆ. ಬೆಟ್ಟದ ಮನೆಗಳ ಹೆಣ್ಣುಮಕ್ಕಳು ಅಲ್ಲಿಯ ವಸತಿಗೃಹಗಳಲ್ಲಿದ್ದು, ದಿನಕ್ಕೆ ಹನ್ನೆರಡು ಗಂಟೆಗೂ ಹೆಚ್ಚು ದುಡಿಯುತ್ತಿದ್ದರು. ಅವರು ನೂಲುತ್ತಿದ್ದ ಹತ್ತಿ ದಕ್ಷಿಣದ ಗುಲಾಮರು ಬೆಳೆದದ್ದು. ಅವರಿಗೆ ಮೊದಲ ಬಾರಿ ತಮ್ಮದೇ ಸಂಬಳ ಬಂತು, ತಮ್ಮದೇ ಹೆಸರೂ ಬಂತು. ಕೂಲಿ ಇಳಿಸಿದಾಗ 1834ರಲ್ಲಿ, ವಸತಿಯ ಖರ್ಚು ಏರಿಸಿದಾಗ 1836ರಲ್ಲಿ ಗಿರಣಿ ಬಿಟ್ಟು ಬೀದಿಗಿಳಿದರು. 1840ರಲ್ಲಿ ಶುರುವಾದ ‘ಲೋವೆಲ್ ಆಫರಿಂಗ್’ ಎಂಬ ಪತ್ರಿಕೆಯಲ್ಲಿ ಕಥೆ, ಕವಿತೆ ಬರೆದರು. ತಾಯಿ ಅಂಕಿಯಾಗಿ ಉಳಿದಳು, ಮಗಳು ಅಕ್ಷರವಾದಳು. ನಡುವೆ ಇದ್ದದ್ದು ಒಂದೇ ತಲೆಮಾರು.

ಅಮೆರಿಕದವರನ್ನು ಆಡಿಕೊಳ್ಳಲು ನನಗೇನೂ ಹಕ್ಕಿಲ್ಲ. ನಮ್ಮ ಮನೆಯಲ್ಲಿ ಜಮೀನಿನ ಪಾಲಾದಾಗ ವಂಶಾವಳಿ ಬರೆಸಿದ್ದರು. ಅದೊಂದು ಮರ. ಮೇಲೆ ಮುತ್ತಜ್ಜ, ಕೆಳಗೆ ಅವರ ಗಂಡುಮಕ್ಕಳು, ಅವರ ಕೆಳಗೆ ಮತ್ತೆ ಗಂಡುಮಕ್ಕಳು. ಇಡೀ ಮರದಲ್ಲಿ ಒಂದು ಹೆಣ್ಣೂ ಇಲ್ಲ. ಇಷ್ಟೊಂದು ಗಂಡಸರು ಗಂಡಸರಿಗೇ ಹುಟ್ಟಿದರೆಂದು ನಂಬಬೇಕು! 1994ರಲ್ಲಿ ಕರ್ನಾಟಕದ ತಿದ್ದುಪಡಿ ಬಂತು, 2005ರಲ್ಲಿ ಇಡೀ ದೇಶಕ್ಕೆ ಬಂತು, ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲೆಂದು ಕಾನೂನಾಯಿತು. ಈಗ ಬರೆಸುವ ವಂಶಾವಳಿಗಳಲ್ಲಿ ಹೆಣ್ಣುಮಕ್ಕಳು ಕಾಣುತ್ತಾರೆ, ಕೆಲವು ಕಡೆ ‘ಹಕ್ಕು ಬಿಟ್ಟಿದ್ದಾರೆ’ ಎಂಬ ಸಹಿಯೊಂದಿಗೆ. ಆದರೆ ಹಳೆಯ ಮರದ ಖಾಲಿ ಜಾಗಗಳನ್ನು ಯಾವ ಕಾನೂನೂ ತುಂಬಲಾರದು. ಅದು ನಮ್ಮ ಕೆಲಸ.

ಊರಿಗೆ ಬಂದ ಮೇಲೆ ತೊಂಬತ್ತರ ಹತ್ತಿರವಿದ್ದ ಸೋದರತ್ತೆಯನ್ನು ಕೇಳಿದೆ. ‘ಅತ್ತೆ, ಮುತ್ತಜ್ಜಿಯ ಹೆಸರೇನು?’ ಅತ್ತೆ ಬಹಳ ಹೊತ್ತು ಯೋಚಿಸಿದರು. ‘ಕಿರಿಯಮ್ಮ ಅಂತಿದ್ದರು ಕಣೆ ಎಲ್ಲರೂ. ಎರಡನೆಯ ಸಂಬಂಧವಾಗಿ ಬಂದವಳಲ್ಲವಾ. ಹೆಸರು ಹಿಡಿದು ಕರೆದವರನ್ನು ನಾನು ಕಾಣೆ.’ ಹಾಗೆಂದರೆ ಆ ಮನೆಗೆ ಬಂದ ದಿನವೇ ಅವಳ ಹೆಸರು ಕಳೆದುಹೋಗಿತ್ತು. ಅತ್ತೆಗೆ ನೆನಪಿದ್ದದ್ದು ಬೇರೆ ಸಂಗತಿಗಳು. ಹಾಗಲಕಾಯಿ ಗೊಜ್ಜಿನಲ್ಲಿ ಕಹಿಯೇ ಬಾರದಂತೆ ಮಾಡುತ್ತಿದ್ದಳು. ಎಡಗೈಯಲ್ಲಿ ರಂಗೋಲಿ ಇಡುತ್ತಿದ್ದಳು. ಬಚ್ಚಲ ನೀರು ಹರಿಯುವ ಕಡೆ ನಂದಿಬಟ್ಟಲು ನೆಟ್ಟವಳು ಅವಳೇ.

ಒಂದು ನೋಟುಬುಕ್ಕಿನಲ್ಲಿ ಇವಿಷ್ಟನ್ನೂ ಬರೆದಿಟ್ಟೆ. ಆಮೇಲೆ ಅತ್ತೆ, ಅಜ್ಜಿ, ಅಮ್ಮ, ನಾದಿನಿಯರ ಹೆಸರುಗಳನ್ನು, ತವರಿನ ಹೆಸರು ಬೇರೆ, ಗಂಡನ ಮನೆಯ ಹೆಸರು ಬೇರೆ ಇದ್ದರೆ ಎರಡನ್ನೂ ಬರೆದೆ. ಮೊಮ್ಮಗಳ ಹೆಸರು ಕೊನೆಯಲ್ಲಿದೆ. ಓದುತ್ತಿರುವ ನಿಮ್ಮ ಮನೆಯಲ್ಲೂ ಎಂಬತ್ತು ದಾಟಿದ ಒಬ್ಬ ಅತ್ತೆಯೋ ದೊಡ್ಡಮ್ಮನೋ ಇರಬಹುದು. ಮಧ್ಯಾಹ್ನದ ಕಾಫಿಯ ಹೊತ್ತಿಗೆ ಪಕ್ಕದಲ್ಲಿ ಕೂತು ಕೇಳಿ ನೋಡಿ. ಹೆಸರು ಸಿಕ್ಕರೆ ಹೆಸರು. ಸಿಗದಿದ್ದರೆ, ಅವಳು ಯಾವ ಹೂ ನೆಟ್ಟಿದ್ದಳು ಎಂದಾದರೂ ಬರೆದಿಡಿ.